ಭೂಪಟದ 64 ಕಿ.ಮೀ. ತಪ್ಪು ತಿದ್ದಿದ ಲ್ಯಾಂಬ್ಟನ್: ಮಂಗಳೂರಿನ ನೆರೆಗೆ ಅವರ ಪಾಠವೇನು?

ಮಂಗಳೂರಿನಲ್ಲಿ ಮಳೆ ಜೋರಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲೂ ನೆರೆ ಬರುತ್ತದೆ. ಆ ರಸ್ತೆ ಮುಳುಗಿದೆ, ಈ ಸೇತುವೆ ಹೋಗಿದೆ ಎಂಬ ಫಾರ್ವರ್ಡುಗಳೇ ತುಂಬಿರುತ್ತವೆ. ಯಾವುದು ಇವತ್ತಿನದು, ಯಾವುದು ಹಳೆಯ ಫೋಟೋ ಎಂದು ತಿಳಿಯುವುದು ಹೇಗೆ? ಇನ್ನೂರು ವರ್ಷಗಳ ಹಿಂದೆ ಮದ್ರಾಸಿನಿಂದ ಮಂಗಳೂರಿನವರೆಗೆ ನೆಲ ಅಳೆಸಿದ ವಿಲಿಯಂ ಲ್ಯಾಂಬ್ಟನ್ ಅವರ ಬದುಕಿನಲ್ಲಿ ಇದಕ್ಕೊಂದು ಉತ್ತರವಿದೆ.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಶೈರಿನವರು, ಬ್ರಿಟಿಷ್ ಸೈನ್ಯದ ಅಧಿಕಾರಿ. ಗಣಿತ ಅವರ ಹುಚ್ಚು. 1799ರ ಶ್ರೀರಂಗಪಟ್ಟಣ ಯುದ್ಧದ ಸಮಯದಲ್ಲಿ ಒಂದು ರಾತ್ರಿ ಅವರ ಪಡೆ ದಾರಿ ತಪ್ಪಿ ಟಿಪ್ಪುವಿನ ಸೈನ್ಯದ ಕಡೆಗೇ ನಡೆಯುತ್ತಿತ್ತು. ಆಕಾಶದ ನಕ್ಷತ್ರ ನೋಡಿ ದಿಕ್ಕು ತಪ್ಪಿದೆ ಎಂದು ಗುರುತಿಸಿದವರು ಲ್ಯಾಂಬ್ಟನ್.

1802ರಲ್ಲಿ ಅವರು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 12 ಕಿ.ಮೀ. ಉದ್ದದ ಗೆರೆಯನ್ನು ಸರಪಳಿಯಿಂದ ಅಳೆದರು. ತ್ರಿಕೋನದ ಒಂದು ಬದಿ ಮತ್ತು ಕೋನಗಳು ಗೊತ್ತಾದರೆ ಉಳಿದ ಬದಿಗಳನ್ನು ಲೆಕ್ಕ ಹಾಕಬಹುದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳ ಸಾಲು ಬೆಳೆಯಿತು. ಕೋನ ಅಳೆಯುವ ಥಿಯೋಡೊಲೈಟ್ ಯಂತ್ರದ ತೂಕವೇ ಸುಮಾರು ಅರ್ಧ ಟನ್. ಅದನ್ನು ಹೊತ್ತವರು, ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ನಿಂತವರು ಇತಿಹಾಸದಲ್ಲಿ ಹೆಸರಿಲ್ಲದ ನಮ್ಮವರು.

ಲ್ಯಾಂಬ್ಟನ್ ತಮ್ಮ ಲೆಕ್ಕವನ್ನು ತಾವೇ ನಂಬಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಸರಪಳಿ ಹಿಡಿದು ಅಳೆಸಿದರು. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಇಂಚು! ಸರ್ವೆ ಮಂಗಳೂರು ಮುಟ್ಟಿದಾಗ ಮದ್ರಾಸ್–ಮಂಗಳೂರು ಅಂತರ ಸುಮಾರು 360 ಮೈಲಿ ಎಂದು ತಿಳಿಯಿತು. ಅಲ್ಲಿಯವರೆಗಿನ ಭೂಪಟಗಳು 400 ಮೈಲಿ ಎನ್ನುತ್ತಿದ್ದವು. ಎಲ್ಲರೂ ನಂಬಿದ್ದ ಭೂಪಟದಲ್ಲಿ 40 ಮೈಲಿ, ಅಂದರೆ 64 ಕಿ.ಮೀ. ತಪ್ಪಿತ್ತು. ಸರ್ವೆ ಕೆಲಸದಲ್ಲಿದ್ದಾಗಲೇ 1823ರಲ್ಲಿ ಈಗಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ ಅವರು ತೀರಿಕೊಂಡರು.

ಈಗ ಅರ್ಧ ಟನ್ ಯಂತ್ರ ಬೇಡ, ಜಿಪಿಎಸ್ ಇರುವ ಮೊಬೈಲ್ ಸಾಕು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಭೂಪಟವನ್ನು ಯಾರು ಬೇಕಾದರೂ ತಿದ್ದಬಹುದು. 2010ರ ಹೈಟಿ ಭೂಕಂಪದ ನಂತರ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಇದರಲ್ಲಿ ರಸ್ತೆಗಳನ್ನು ಗುರುತಿಸಿದರು. ರಕ್ಷಣಾ ತಂಡಗಳು ಅದನ್ನೇ ಬಳಸಿದವು.

2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ರಸ್ತೆಗಳು ಹೊಳೆಯಾದವು. ನೀರು ಎಲ್ಲಿ ನಿಲ್ಲುತ್ತದೆ, ಯಾವ ತೋಡು ಕಟ್ಟಿಕೊಳ್ಳುತ್ತದೆ ಎಂಬುದು ಅಲ್ಲಿ ವಾಸಿಸುವವರಿಗೇ ಚೆನ್ನಾಗಿ ಗೊತ್ತು. ಆದರೆ ಒಬ್ಬರ ಮಾತು ಸಾಲದು. ಲ್ಯಾಂಬ್ಟನ್ ಒಂದು ಬೆಟ್ಟವನ್ನು ಹಲವು ಕಡೆಯಿಂದ ನೋಡಿದಂತೆ, ಒಂದು ಮಾಹಿತಿಯನ್ನು ಹಲವರು ಖಚಿತಪಡಿಸಬೇಕು.

ಹಾಗಾದರೆ ನೀವೇನು ಮಾಡಬಹುದು?

• ನಿಮ್ಮ ಬೀದಿಯ ತೋಡು, ಮೋರಿ, ಕಾಲುದಾರಿ, ಎತ್ತರದ ಶಾಲೆಗಳನ್ನು ಮಳೆಗಾಲಕ್ಕೆ ಮುನ್ನವೇ ಭೂಪಟಕ್ಕೆ ಸೇರಿಸಿ.
• ನೆರೆಯ ಫೋಟೋ ಕಳಿಸುವಾಗ ಜಾಗ, ದಿನಾಂಕ, ಸಮಯ ಬರೆಯಿರಿ.
• ಇವು ಇಲ್ಲದ ಫಾರ್ವರ್ಡನ್ನು ಮುಂದೆ ಕಳಿಸಬೇಡಿ. ಸುಳ್ಳು ಸುದ್ದಿ ನಂಬಿ ದೋಣಿ ಒಂದು ಕಡೆ ಹೋದರೆ, ನಿಜವಾಗಿ ಮುಳುಗುತ್ತಿರುವ ಮನೆ ಇನ್ನೊಂದು ಕಡೆ ಕಾಯುತ್ತಿರುತ್ತದೆ.
• ಅಪಾಯದಲ್ಲಿದ್ದರೆ ಗುಂಪಿಗೆ ಸಂದೇಶ ಹಾಕುವ ಮೊದಲು 112 ಅಥವಾ ಜಿಲ್ಲೆಯ 1077ಕ್ಕೆ ಕರೆ ಮಾಡಿ.