ಪಾಸ್ಟರ್ ಮಗಳು ಜೈಲಿಗೆ ಹೋದದ್ದು ಯಾಕೆ? ವಯಲೆಟ್ ಆಳ್ವ ಅವರ ಜೀವನ

 ಇವತ್ತಿನ ಯೌವನಸ್ಥರ ಕೂಟಕ್ಕೆ ರಾಯಚೂರು ನಗರದವರ ಜೊತೆ ಮಾನ್ವಿ, ದೇವದುರ್ಗ, ಮಲ್ಲಟದಿಂದ ಬಂದವರೂ ಇದ್ದೀರಿ, ದೇವರಿಗೆ ಸ್ತೋತ್ರ. ಬೆಂಗಳೂರಿನಲ್ಲಿ ಕೆಲಸ ಮಾಡ್ತಾ ಆನ್‌ಲೈನ್‌ನಲ್ಲಿ ಕೇಳ್ತಿರುವ ನಮ್ಮ ಮಕ್ಕಳಿಗೂ ವಂದನೆ.

ಬೈಬಲ್‌ನಲ್ಲಿ ಎರಡು ಕಡೆ ಬೆರಳು ಇಟ್ಟುಕೊಳ್ಳಿ. ಒಂದು ಫಿಲಿಪ್ಪಿಯವರಿಗೆ 3:20, ಇನ್ನೊಂದು ಅಪೊಸ್ತಲರ ಕೃತ್ಯಗಳು 22:25. ಮೊದಲನೆಯದರಲ್ಲಿ ಪೌಲನು ವಿಶ್ವಾಸಿಯ ನಿಜವಾದ ಊರು ಮೇಲಿನದು ಅನ್ನೋ ಅರ್ಥದಲ್ಲಿ ಬರೀತಾನೆ. ಎರಡನೆಯದರಲ್ಲಿ ಅದೇ ಪೌಲನನ್ನು ಹೊಡೆಯೋದಕ್ಕೆ ಕಟ್ಟಿಹಾಕಿದಾಗ, ತಾನು ರೋಮ್‌ನ ಪೌರನು ಅಂತ ಶತಾಧಿಪತಿಗೆ ತಿಳಿಸ್ತಾನೆ. ಅಂದ್ರೆ ಪರಲೋಕದ ಪೌರತ್ವ ಸಿಕ್ಕಿತು ಅಂತ ಭೂಲೋಕದ ಪೌರತ್ವವನ್ನ ಅವನು ಹರಿದು ಹಾಕಲಿಲ್ಲ.

ನಮ್ಮಲ್ಲಿ ಬಹಳ ಜನರಿಗೆ ಈ ಎರಡೂ ಕೂಡೋದೇ ಇಲ್ಲ ನೋಡ್ರಿ. ಕೆಲವರು ರಾಜಕೀಯ ಅಂದ್ರೆ ಲೋಕದ ವಿಷಯ, ನಮಗ್ಯಾಕೆ ಅಂತಾರೆ. ಇನ್ನು ಕೆಲವರು ಚುನಾವಣೆ ಬಂದ್ರೆ ಸಾಕು, ಒಂದು ಪಕ್ಷದ ಚಿಹ್ನೆಯನ್ನೇ ಶಿಲುಬೆ ಹಾಗೆ ಹೊತ್ತುಕೊಂಡು ತಿರುಗ್ತಾರೆ. ಹೊರಗಿನವರ ಪ್ರಶ್ನೆ ಬೇರೆ ಇದೆ: ನೀವು ಈ ದೇಶದವರಾ, ಇಂಗ್ಲೆಂಡ್‌ನವರಾ? ಈ ಮೂರನ್ನೂ ಎದುರಿಸಿದ ಒಬ್ಬ ಹೆಣ್ಣುಮಗಳ ಕಥೆ ಇವತ್ತು ಹೇಳ್ತೀನಿ.

ವಯಲೆಟ್ ಹರಿ ಹುಟ್ಟಿದ್ದು 1908ರ ಏಪ್ರಿಲ್ 24ರಂದು, ಅಹಮದಾಬಾದಿನಲ್ಲಿ. ತಂದೆ ರೆವರೆಂಡ್ ಲಕ್ಷ್ಮಣ ಹರಿ, ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ಪಾಸ್ಟರ್ ಆದ ಮೊದಮೊದಲ ಭಾರತೀಯರಲ್ಲಿ ಒಬ್ಬರು. ಈ ಮಾತನ್ನ ಸ್ವಲ್ಪ ನಿಂತು ಯೋಚನೆ ಮಾಡ್ರಿ. ಆ ಸಭೆಗೆ ಇಂಗ್ಲೆಂಡಿನ ರಾಜನೇ ಅಧಿಪತಿ. ಅದರ ಆರಾಧನೆಯ ಕ್ರಮದಲ್ಲಿ ರಾಜನಿಗಾಗಿ ಪ್ರಾರ್ಥನೆ ಅಚ್ಚಾಗಿಯೇ ಇರ್ತದೆ. ಅಂಥ ಸಭೆಯ ಪಾಸ್ಟರ್ ಮನೆಯ ಮಗಳು ಈಕೆ. ಆಕೆಗೆ ಏಳು ವರ್ಷ ಆದಾಗ, 1915ರಲ್ಲಿ, ಹುಟ್ಟಿದ ಅದೇ ಊರಲ್ಲಿ ಗಾಂಧೀಜಿ ಬಂದು ಆಶ್ರಮ ತೆರೆದರು. ಒಂದೇ ಊರಲ್ಲಿ ಎರಡು ಪ್ರಾರ್ಥನೆ!

ಒಂಬತ್ತು ಮಕ್ಕಳಲ್ಲಿ ಈಕೆ ಎಂಟನೆಯವರು. ಹದಿನಾರನೇ ವಯಸ್ಸಿಗೆ ತಂದೆ ತಾಯಿ ಇಬ್ಬರೂ ಇಲ್ಲ. ಅಣ್ಣ ಅಕ್ಕಂದಿರು ಓದಿಸಿದರು. ಬೊಂಬಾಯಿಯಲ್ಲಿ ಕಾಲೇಜು ಮುಗಿಸಿ, ಕಾನೂನು ಓದಿ, ಕೆಲವು ಕಾಲ ಇಂಗ್ಲಿಷ್ ಕೂಡ ಕಲಿಸಿದರು.

1937ರಲ್ಲಿ ಮದುವೆ. ಗಂಡ ಜೋಕಿಂ ಆಳ್ವ, ನಮ್ಮ ಕರಾವಳಿಯ ಉಡುಪಿ ಕಡೆಯವರು, ಕ್ಯಾಥೊಲಿಕ್. ಹೌದು, ಇಬ್ಬರೂ ನಮ್ಮ ಪೆಂಟೆಕೋಸ್ಟಲ್ ಸಭೆಯವರಲ್ಲ. ಅದಕ್ಕೆ ಮುಖ ಸಣ್ಣ ಮಾಡಬ್ಯಾಡ್ರಿ, ಒಳ್ಳೆಯ ಸಮಾರ್ಯದವನೂ ದೇವಾಲಯದ ಸದಸ್ಯ ಆಗಿರಲಿಲ್ಲ. ಜೋಕಿಂ ಆಗಲೇ ಬೊಂಬಾಯಿಯ ಕ್ರೈಸ್ತ ಯುವಕರನ್ನ ಸ್ವಾತಂತ್ರ್ಯ ಚಳವಳಿಗೆ ಸೇರಿಸ್ತಾ ಇದ್ದರು. ಕ್ರೈಸ್ತನಾದವನು ಬ್ರಿಟಿಷರ ಪಕ್ಷ ಅನ್ನೋ ಮಾತನ್ನ ಸುಳ್ಳು ಮಾಡಬೇಕು ಅನ್ನೋದು ಅವರ ಛಲ. ಇವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹೆಸರು ಏನಿಟ್ಟರು ಗೊತ್ತಾ? ನಿರಂಜನ, ಚಿತ್ತರಂಜನ, ಮಾಯಾ. ದೀಕ್ಷಾಸ್ನಾನ ಆದ ಕೂಡಲೇ ಅಪ್ಪ ಅಮ್ಮ ಇಟ್ಟ ಹೆಸರಿಗೆ ನಾಚಿಕೊಳ್ಳೋ ಹುಡುಗರು ನಮ್ಮಲ್ಲಿ ಇದ್ದಾರೆ, ಅವರಿಗಾಗಿ ಇದನ್ನ ಹೇಳಿದೆ.

1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ. ನಾಯಕರೆಲ್ಲ ಜೈಲಿಗೆ. ಮರುವರ್ಷ ಗಂಡ ಹೆಂಡತಿ ಸೇರಿ ಫೋರಮ್ ಅನ್ನೋ ವಾರಪತ್ರಿಕೆ ಶುರು ಮಾಡಿದರು. ಅದೇ 1943ರಲ್ಲಿ ಬ್ರಿಟಿಷ್ ಸರ್ಕಾರ ವಯಲೆಟ್ ಅವರನ್ನ ಬಂಧಿಸಿ ಆರ್ಥರ್ ರೋಡ್ ಜೈಲಿಗೆ ಕಳಿಸ್ತು. ಕಂಕುಳಲ್ಲಿ ಐದು ತಿಂಗಳ ಚಿತ್ತರಂಜನ. ಕೂಸನ್ನ ಕರ್ಕೊಂಡೇ ಒಳಗೆ ಹೋದರು. ಇಲ್ಲಿ ಕೂತಿರೋ ತಾಯಂದಿರಿಗೆ ಇದನ್ನ ವಿವರಿಸಬೇಕಾಗಿಲ್ಲ. ಐದು ತಿಂಗಳ ಕೂಸಿಗೆ ಜ್ವರ ಬಂದರೆ ಮನೆಯಲ್ಲೇ ಎಷ್ಟು ಒದ್ದಾಡ್ತೀವಿ!

ಆದ್ರೆ ಬ್ರದರ್, ರೋಮಾಪುರದವರಿಗೆ 13ನೇ ಅಧ್ಯಾಯ ಅಧಿಕಾರಿಗಳಿಗೆ ಅಧೀನರಾಗಿರಿ ಅಂತ ಕಲಿಸ್ತದಲ್ಲ ಅಂತ ಒಬ್ಬರು ಕೇಳಬಹುದು. ಸರಿಯಾದ ಪ್ರಶ್ನೆ. ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯವನ್ನೂ ಜೊತೆಗೇ ಓದ್ರಿ. ಪೇತ್ರನೂ ಉಳಿದ ಅಪೊಸ್ತಲರೂ ಹಿರೀಸಭೆಯ ಅಪ್ಪಣೆಯನ್ನ ಮೀರಿದರು, ಆದರೆ ಏಟು ತಪ್ಪಿಸಿಕೊಂಡು ಓಡಲಿಲ್ಲ. ವಯಲೆಟ್ ಕೂಡ ಆಳುವವರ ಅನ್ಯಾಯಕ್ಕೆ ಇಲ್ಲ ಅಂದರು, ಅದರ ಬೆಲೆಯನ್ನ ತಾವೇ ತೆತ್ತರು. ಕಲ್ಲು ಹೊಡೆದು ಓಡಿಹೋಗೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಜೈಲು ಮುಗಿದ ಮೇಲೆ 1944ರಲ್ಲಿ, ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದ ಮಾಡಿದ ಭಾರತದ ಮೊದಲ ಮಹಿಳಾ ವಕೀಲೆ ಅನ್ನಿಸಿಕೊಂಡರು. 1948ರಿಂದ 1954ರವರೆಗೆ ಬಾಲಾಪರಾಧಿಗಳ ನ್ಯಾಯಾಲಯದ ಅಧ್ಯಕ್ಷೆ. ಕೂಸನ್ನ ಎತ್ತಿಕೊಂಡು ಜೈಲಿಗೆ ಹೋದ ತಾಯಿಯ ಮುಂದೆ ಈಗ ಬೇರೆಯವರ ಮಕ್ಕಳು ಬಂದು ನಿಲ್ಲುತ್ತಿದ್ದರು.

ಅದೇ ಕಾಲಕ್ಕೆ ದೆಹಲಿಯಲ್ಲಿ ಸಂವಿಧಾನ ಬರೆಯೋ ಕೆಲಸ. ಅಲ್ಲಿ ಅಲ್ಪಸಂಖ್ಯಾತರ ಉಪಸಮಿತಿಗೆ ಅಧ್ಯಕ್ಷರಾಗಿದ್ದವರು ಎಚ್. ಸಿ. ಮುಖರ್ಜಿ, ಬಂಗಾಳದ ಕ್ರೈಸ್ತರು. ಧರ್ಮದ ಹೆಸರಿನ ಮೀಸಲು ಸೀಟು ಬೇಡ ಅಂತ ನಿಂತವರು ಅವರು, 1949ರಲ್ಲಿ ಅದೇ ತೀರ್ಮಾನವಾಯಿತು. ಹಾಗಾಗಿ 1952ರ ಮೊದಲ ಸಂಸತ್ತಿಗೆ ಆಳ್ವ ದಂಪತಿ ಹೋದದ್ದು ಕ್ರೈಸ್ತರ ಸೀಟಿನಿಂದ ಅಲ್ಲ. ಗಂಡ ಕೆನರಾ ಕ್ಷೇತ್ರದಿಂದ ಲೋಕಸಭೆಗೆ, ಹೆಂಡತಿ ರಾಜ್ಯಸಭೆಗೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಲ್ಲರ ಓಟು ಜೋಕಿಂ ಅವರಿಗೆ ಬೇಕಿತ್ತು. ಮೂರು ಸಲ ಅದೇ ಕ್ಷೇತ್ರ ಅವರನ್ನ ಕಳಿಸಿತು.

ವಯಲೆಟ್ ಅಲ್ಲಿ ಏನು ಮಾತಾಡಿದರು? ಬರೀ ಚರ್ಚ್ ವಿಷಯ ಅಲ್ಲ. ಕುಟುಂಬ ಯೋಜನೆ, ನೌಕಾಪಡೆ, ವಿದೇಶಿ ಬಂಡವಾಳ, ಭಾಷಾವಾರು ಪ್ರಾಂತಗಳು. ಈ ಕೊನೆಯದು ನಮಗೆ ಸೇರಿದ್ದು. 1947ರ ಆಗಸ್ಟ್ 15ರಂದು ರಾಯಚೂರು ಇನ್ನೂ ನಿಜಾಮನ ಕೈಯಲ್ಲಿತ್ತು, 1948ರ ಸೆಪ್ಟೆಂಬರ್‌ವರೆಗೂ ನಮ್ಮ ಹಿರಿಯರಿಗೆ ಸ್ವಾತಂತ್ರ್ಯ ಇರಲಿಲ್ಲ. 1956ರ ನವೆಂಬರ್ 1ರಂದು ನಾವು ಹೈದರಾಬಾದ್ ಕಡೆಯಿಂದ, ಜೋಕಿಂ ಅವರ ಉತ್ತರ ಕನ್ನಡ ಬೊಂಬಾಯಿ ಕಡೆಯಿಂದ, ಒಂದೇ ದಿನ ಮೈಸೂರು ರಾಜ್ಯಕ್ಕೆ ಬಂದೆವು. ಗುಜರಾತಿನಲ್ಲಿ ಹುಟ್ಟಿದ ಈ ಹೆಣ್ಣುಮಗಳು ಮುಂದೆ ನಮ್ಮ ಮೈಸೂರು ರಾಜ್ಯದ ಪರವಾಗಿಯೇ ರಾಜ್ಯಸಭೆಯಲ್ಲಿ ಕೂತರು. 1957ರಲ್ಲಿ ಗೃಹ ಇಲಾಖೆಯ ಉಪಮಂತ್ರಿ. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. 1966ರಲ್ಲಿ ಮತ್ತೊಮ್ಮೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ವಯಲೆಟ್ ಅವರಿಗೆ ಇಂಗ್ಲಿಷ್ ಇತ್ತು, ಕಾನೂನಿನ ಪದವಿ ಇತ್ತು. ಮಲ್ಲಟದ ಹುಡುಗನ ಕಷ್ಟ ಬೇರೆ. ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದು ಧರ್ಮ ಯಾವುದು, ಜಾತಿ ಯಾವುದು ಅಂದಾಗ ಅವನ ಗಂಟಲು ಕಟ್ಟತದೆ. ಯಾಕಂದ್ರೆ 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸೌಲಭ್ಯ ಕ್ರೈಸ್ತರಿಗೆ ಇಲ್ಲ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು, ನಮ್ಮನ್ನ ಇಲ್ಲ. ಕಾಲೇಜು ಸೀಟು, ನೌಕರಿ ಒಂದು ಕಡೆ, ಬಾಯಿಂದ ಮಾಡಿದ ಅರಿಕೆ ಇನ್ನೊಂದು ಕಡೆ. ಎಸಿ ರೂಮಿನಲ್ಲಿ ಕೂತು ಆ ಹುಡುಗನ ವಿಶ್ವಾಸವನ್ನ ತೂಗೋದು ಸುಲಭ. ಆ ಆದೇಶ ಬದಲಾಗಲಿ ಅಂತ ಕಾನೂನಿನ ದಾರಿಯಲ್ಲಿ ಕೇಳೋದು ಪಾಪ ಅಲ್ಲ. ಪೌಲನು ಶತಾಧಿಪತಿಯನ್ನ ಕೇಳಿದ್ದೂ ಕಾನೂನನ್ನೇ.

ಈಗ ಕೊನೆಯ ಭಾಗ. 1969ರಲ್ಲಿ ಉಪರಾಷ್ಟ್ರಪತಿ ಸ್ಥಾನ ಖಾಲಿ ಆಯ್ತು. ಏಳು ವರ್ಷ ಸದನ ನಡೆಸಿದ ವಯಲೆಟ್ ಅವರಿಗೆ ಅದು ಸಿಗಬಹುದು ಅನ್ನಿಸಿತ್ತು. ಪ್ರಧಾನಿ ಇಂದಿರಾ ಗಾಂಧಿ ಬೆಂಬಲ ಕೊಡಲಿಲ್ಲ, ಜಿ. ಎಸ್. ಪಾಠಕ್ ಉಪರಾಷ್ಟ್ರಪತಿ ಆದರು. ನವೆಂಬರ್‌ನಲ್ಲಿ ಕಾಂಗ್ರೆಸ್ ಪಕ್ಷವೇ ಎರಡು ಹೋಳಾಯ್ತು. ಯಾವ ಪಕ್ಷದ ಹೋರಾಟಕ್ಕಾಗಿ ಕೂಸಿನ ಜೊತೆ ಜೈಲು ಕಂಡಿದ್ದರೋ ಆ ಪಕ್ಷ. ನವೆಂಬರ್ 16ರಂದು ರಾಜೀನಾಮೆ ಕೊಟ್ಟರು. 20ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು, ವಯಸ್ಸು 61. ಪಕ್ಷಕ್ಕೆ ಎಷ್ಟು ಕೊಟ್ಟರೂ ಅದು ಪಕ್ಷವೇ, ಅದು ದೇವರ ರಾಜ್ಯ ಅಲ್ಲ ಅಂತ ನನಗೆ ಅನ್ನಿಸೋದು ಇಲ್ಲೇ. ಹಾಗಂತ ಆಕೆ ಜೈಲಿಗೆ ಹೋದದ್ದು ವ್ಯರ್ಥ ಅಂತೀರಾ? ನಾನು ಅನ್ನಲ್ಲ. ಅದು ಪಕ್ಷಕ್ಕಷ್ಟೇ ಅಲ್ಲ, ದೇಶಕ್ಕಾಗಿ. ಮಲ್ಲಟದ ಅಜ್ಜಿಯೂ ಇವತ್ತು ಓಟು ಹಾಕ್ತಾಳೆ.

ಜೋಕಿಂ ಇನ್ನು ಹತ್ತು ವರ್ಷ ಬದುಕಿ 1979ರಲ್ಲಿ ತೀರಿಕೊಂಡರು. 2008ರಲ್ಲಿ ಸರ್ಕಾರ ಇಬ್ಬರ ಚಿತ್ರವಿರುವ ಒಂದು ಅಂಚೆ ಚೀಟಿ ತಂದಿತು.

ಎದ್ದು ನಿಲ್ಲೋಣ. ಈ ಹೊತ್ತು ಸಣ್ಣ ಕೂಸುಗಳ ಜೊತೆ ಜೈಲಿನಲ್ಲಿರುವ ತಾಯಂದಿರಿಗಾಗಿ ಮೊದಲು ಪ್ರಾರ್ಥಿಸೋಣ. ಆಮೇಲೆ ನಮ್ಮ ಜಿಲ್ಲೆಯ ಶಾಸಕರಿಗಾಗಿ, ನಾವು ಓಟು ಹಾಕದೇ ಇದ್ದವರಿಗೂ ಸೇರಿಸಿ. ಕಣ್ಣು ಮುಚ್ಚಿರಿ.