ವೀಲ್‌ಚೇರ್‌ನಲ್ಲಿ ಕೂತೇ ಆಪರೇಷನ್ ಮಾಡಿದ ಡಾಕ್ಟರ್

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆ ತೋಟ ಇಲ್ಲದ ಊರು ಸಿಗೋದು ಕಷ್ಟ. ಮದ್ದು ಬಿಡಲು, ಕೊಯ್ಲಿಗೆ ಅಂತ ಮರ ಹತ್ತಿದವರು ಜಾರಿ ಬಿದ್ದರೆ ಬೆನ್ನುಹುರಿಗೇ ಪೆಟ್ಟಾಗಬಹುದು. ಆಪರೇಷನ್ ಮುಗಿಸಿ ಮನೆಗೆ ಬಂದರೆ, ಜೀವ ಉಳಿಯಿತಲ್ಲ ಅಂತ ನಾವೆಲ್ಲ ಸಮಾಧಾನಪಡ್ತೇವೆ. ಆದರೆ ಆಮೇಲಿನ ಬದುಕು? ಅದಕ್ಕೆ ತಮ್ಮ ಬದುಕಿನಲ್ಲೇ ಉತ್ತರ ಹುಡುಕಿದವರು ಡಾ. ಮೇರಿ ವರ್ಗೀಸ್.

ಅವರು ಹುಟ್ಟಿದ್ದು 1925ರಲ್ಲಿ, ಕೊಚ್ಚಿ ಹತ್ತಿರದ ಚೆರಾಯಿಯಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರ್ ಆದರು. ಗೈನಕಾಲಜಿಯಲ್ಲಿ ಮುಂದುವರಿಯುವ ಆಸೆಯಿತ್ತು. 1954ರಲ್ಲಿ ಸಹೋದ್ಯೋಗಿಗಳ ಜೊತೆ ಹೋಗುತ್ತಿದ್ದ ಗಾಡಿ ಪಲ್ಟಿಯಾಯ್ತು. ಸೊಂಟದ ಕೆಳಗೆ ಸ್ವಾಧೀನವೇ ಹೋಯ್ತು. ಆಗ ಅವರಿಗೆ ಬರೀ 28 ವರ್ಷ.

ಕಾಲು ಹೋದರೂ ಕೈ ಇತ್ತು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳನ್ನು ಸರಿಪಡಿಸುತ್ತಿದ್ದ ಸರ್ಜನ್ ಪಾಲ್ ಬ್ರ್ಯಾಂಡ್, ಈ ಕೆಲಸವನ್ನು ಕೂತೇ ಮಾಡಬಹುದು ಅಂತ ಮೇರಿಯವರಿಗೆ ದಾರಿ ತೋರಿಸಿದರು. ಚೆನ್ನಾಗಿರುವ ಒಂದು ಸ್ನಾಯುವಿನ ತುದಿಯನ್ನು ಬೇರೆ ಕಡೆ ಜೋಡಿಸಿ, ಬೆರಳು ಮತ್ತೆ ಅಲ್ಲಾಡುವಂತೆ ಮಾಡುವ ಆಪರೇಷನ್ ಅದು. ಜೋಡಿಸಿದರೆ ಸಾಲದು, ಆ ಸ್ನಾಯುವಿಗೆ ಹೊಸ ಕೆಲಸ ಕಲಿಸೋಕೆ ವಾರಗಟ್ಟಲೆ ಫಿಸಿಯೋಥೆರಪಿ ಬೇಕು. ವೀಲ್‌ಚೇರ್‌ನಲ್ಲಿ ಕೂತೇ ಮೇರಿ ಸರ್ಜನ್ ಆದರು.

ಆಮೇಲೆ ಆಸ್ಟ್ರೇಲಿಯಾದ ಪರ್ತ್‌ಗೆ ಹೋದರು. ಹಾಸಿಗೆಯಿಂದ ಕುರ್ಚಿಗೆ ಒಬ್ಬರೇ ದಾಟೋದು, ತಮ್ಮ ಕೆಲಸ ತಾವೇ ಮಾಡಿಕೊಳ್ಳೋದು ಅಲ್ಲಿ ರೂಢಿಯಾಯ್ತು. ಅಲ್ಲಿ ಅವರು ಪೇಷೆಂಟ್. ಮುಂದೆ ನ್ಯೂಯಾರ್ಕ್‌ನಲ್ಲಿ ಡಾ. ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರವನ್ನೇ ಕಲಿತರು. 1960ರ ದಶಕದ ಆರಂಭದಲ್ಲಿ ವೆಲ್ಲೂರಿಗೆ ವಾಪಸ್ ಬಂದು ಆ ವಿಭಾಗದ ಮುಖ್ಯಸ್ಥರಾದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ಶುರುವಾಯ್ತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಅವರು ತೀರಿಕೊಂಡರು.

ನಾವು ಇಂಜಿನಿಯರಿಂಗ್ ಓದುವವರು ಇವರ ಬಗ್ಗೆ ಯಾಕೆ ತಿಳಿಯಬೇಕು? ಸ್ಪರ್ಶವಿಲ್ಲದ ದೇಹ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇದ್ದರೆ, ಮೂಳೆ ಒತ್ತುವ ಜಾಗದಲ್ಲಿ ರಕ್ತ ಓಡದೆ ಹುಣ್ಣಾಗುತ್ತದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಅಂತ ನಾವು ಎಕ್ಸಾಮಿನಲ್ಲಿ ಬರೀತೇವಲ್ಲ, ಅದೇ ಇಲ್ಲಿ ಜೀವ ತೆಗೆಯಬಹುದು. ಒಳ್ಳೆ ಕುಶನ್, ಅಗಲದ ಬಾಗಿಲು, ಸರಿಯಾದ ಇಳಿಜಾರಿನ ರ‍್ಯಾಂಪ್ ಕೂಡ ಚಿಕಿತ್ಸೆಯೇ.

ಕಡಬದ ಪಕ್ಕದ ಕೊಕ್ಕಡದ ಸೌತಡ್ಕದಲ್ಲಿ ಬೆನ್ನುಹುರಿ ಪೆಟ್ಟಾದವರಿಗಾಗಿಯೇ ಸೇವಾಧಾಮ ಅನ್ನುವ ಪುನರ್ವಸತಿ ಕೇಂದ್ರವಿದೆ. ಆದರೆ ಥೆರಪಿ ಒಂದೇ ಸಲಕ್ಕೆ ಮುಗಿಯೋದಿಲ್ಲ, ಮತ್ತೆ ಮತ್ತೆ ಹೋಗಬೇಕು. ಗುಡ್ಡದ ಮೇಲಿನ ಮನೆಯಿಂದ ರಸ್ತೆಗೆ ಇಳಿಸೋಕೆ ನಾಲ್ಕು ಜನ ಬೇಕು, ಅವರ ಒಂದು ದಿನದ ಸಂಬಳವೂ ಹೋಗುತ್ತದೆ. ಹಾಗಾಗಿ ಥೆರಪಿ ಅರ್ಧಕ್ಕೇ ನಿಂತುಬಿಡಬಹುದು. ಮುಂದಿನ ವರ್ಷಗಳ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನಾವು ಮೊದಲು ಆ ಗುಡ್ಡದ ದಾರಿ ಅಳೆದು ಬರೋಣ.