ಒಂದು ಕುದುರೆಯೊಡನೆ ಕಡಲು ದಾಟಿದ ಅಫನಾಸಿ ನಿಕಿತಿನ್

ಹಾಯಿಹಡಗುಗಳ ವಿಚಾರ ಬಂದೊಡನೆ ವಿದ್ಯಾವಂತರ ಮನಸ್ಸು ಚೀನಾದೇಶದ ಚಹವನ್ನು ತುಂಬಿಕೊಂಡು ಪಂದ್ಯ ಕಟ್ಟಿದಂತೆ ಲಂಡನ್ ನಗರಕ್ಕೆ ಧಾವಿಸುತ್ತಿದ್ದ ಆಂಗ್ಲರ ನೌಕೆಗಳ ಕಡೆಗೆ ಹರಿಯುವುದು ಸಹಜ. ಅವುಗಳಲ್ಲಿ ಹೆಸರಾಂತ ಕಟಿ ಸಾರ್ಕ್ ನೀರಿಗಿಳಿದುದು 1869ನೆಯ ಇಸವಿಯ ನವೆಂಬರಿನಲ್ಲಿ. ಅದೇ ತಿಂಗಳು ಸುಯೆಜ್ ಕಾಲುವೆಯು ತೆರೆದು ಉಗಿಹಡಗುಗಳಿಗೆ ಸಮೀಪದ ದಾರಿ ದೊರೆಯಿತು. ಚಹದ ಹಾಯಿಹಡಗುಗಳ ವೈಭವ ಅಲ್ಲಿಂದಲೇ ಇಳಿಮುಖವಾಯಿತು. ಕಡಲಿನಿಂದ ಬಹುದೂರದ ಒಳನಾಡಾದ ನಮ್ಮ ಕಲಬುರಗಿ ಸೀಮೆಗೆ ಈ ಕಥೆ ಪರಕೀಯವೆನಿಸಬಹುದು. ಆದರೆ ಅದಕ್ಕೆ ನಾಲ್ಕು ಶತಮಾನಗಳಷ್ಟು ಹಿಂದೆಯೇ ಬೇರೊಂದು ಬಗೆಯ ಹಾಯಿಹಡಗು ನಮ್ಮ ನಾಡಿನ ಹಣೆಬರಹದೊಡನೆ ಬೆಸೆದುಕೊಂಡಿತ್ತು. ಅದು ಹೊತ್ತು ತರುತ್ತಿದ್ದ ಸರಕು ಕುದುರೆ. ಅಂತಹದೊಂದು ಹಡಗಿನಲ್ಲಿ ಬಂದಿಳಿದು, ಆಳಂದದ ಜಾತ್ರೆಯನ್ನೂ ಕಲಬುರಗಿಯ ಪೇಟೆಯನ್ನೂ ಕಂಡುಹೋದ ರುಷ್ಯಾದೇಶದ ವರ್ತಕನ ಜೀವನವನ್ನು ಇಲ್ಲಿ ನಿರೂಪಿಸಲು ಉದ್ದೇಶಿಸಿದ್ದೇನೆ.

ಬಹಮನಿ ರಾಜ್ಯವು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ತಲೆಯೆತ್ತಿತು. ಅಹಮದ ಶಹಾ ವಲಿಯ ಕಾಲದಲ್ಲಿ ಪಟ್ಟವು ಬೀದರಿಗೆ ಹೋಯಿತು. ದಕ್ಷಿಣದಲ್ಲಿ ವಿಜಯನಗರ, ಉತ್ತರದಲ್ಲಿ ಬಹಮನಿ. ಇಬ್ಬರಿಗೂ ಅಶ್ವಸೈನ್ಯವೇ ಬಲ, ಇಬ್ಬರ ನೆಲದಲ್ಲಿಯೂ ಉತ್ತಮ ಜಾತಿಯ ಕುದುರೆಯ ಬೆಳವಣಿಗೆಯಿಲ್ಲ. ಆದುದರಿಂದ ಅರಬಸ್ತಾನದ, ಪಾರಸದ ಕುದುರೆಗಳು ಹೋರ್ಮುಜ್ ಬಂದರದಿಂದ ಚೌಲ, ದಾಭೋಳ, ಭಟ್ಕಳಗಳಿಗೆ ಹಡಗೇರಿ ಬರುತ್ತಿದ್ದವು. ಆ ಹಡಗುಗಳ ಕಟ್ಟೋಣವೇ ಸೋಜಿಗ. ಹಲಗೆಗಳಿಗೆ ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ. ಅಂಚುಗಳಲ್ಲಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿದು, ಮೇಲೆ ಮೀನಿನ ಎಣ್ಣೆ ಬಳಿಯುತ್ತಿದ್ದರು. ಸರಕಿನ ಮೇಲೆ ತೊಗಲು ಹಾಸಿ, ಅದರ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರೆಂದು ಮಾರ್ಕೋ ಪೋಲೋ ಬರೆದಿಟ್ಟಿದ್ದಾನೆ. ಇಂತಹ ನೌಕೆಗಳಲ್ಲಿ ಅನೇಕವು ನಡುಗಡಲಿನಲ್ಲಿ ಮುಳುಗಿದುದುಂಟು. ಮುಂಗಾರು ಹಿಡಿಯುವ ಮೊದಲೇ ದಡ ಸೇರದಿದ್ದರೆ ಗತಿಯಿರಲಿಲ್ಲ.

ಅಫನಾಸಿಯ ಊರು ವೋಲ್ಗಾ ನದಿಯ ದಡದ ತ್ವೇರ್. ನಿಕಿತಿನ್ ಎಂದರೆ ನಿಕಿತನ ಮಗ. ಅವನು ಊರು ಬಿಟ್ಟುದು 1466ರಲ್ಲಿ ಎಂದು ಹಿಂದಿನ ವಿದ್ವಾಂಸರೂ 1468ರಲ್ಲಿ ಎಂದು ಈಚಿನವರೂ ಗಣಿಸಿದ್ದಾರೆ. ಭರತಖಂಡಕ್ಕೆ ಬರಬೇಕೆಂಬ ಸಂಕಲ್ಪ ಅವನಿಗೆ ಆಗ ಇರಲಿಲ್ಲ. ಕಾಸ್ಪಿಯನ್ ಸಮುದ್ರದ ಆಚೆಯ ಶಿರ್ವಾನ್ ದೇಶದಲ್ಲಿ ವ್ಯಾಪಾರ ಮಾಡಿ ಮರಳುವುದಷ್ಟೇ ಉದ್ದೇಶ. ಶಿರ್ವಾನಿನ ರಾಯಭಾರಿ ಹಸನ್ ಬೇಗನು ಮಾಸ್ಕೋದಿಂದ ಹಿಂದಿರುಗುತ್ತಿದ್ದುದರಿಂದ ಅವನ ಜೊತೆಗೂಡಿದರೆ ಕ್ಷೇಮವೆಂದು ವರ್ತಕರು ಭಾವಿಸಿದರು. ಆದರೆ ಅಸ್ತ್ರಖಾನಿನ ಬಳಿ ತಾರ್ತರರು ಮೇಲೆ ಬಿದ್ದು ಸೂರೆಗೈದರು. ಅಫನಾಸಿಯ ಸರಕೆಲ್ಲ ಹೋಯಿತು. ಅದರೊಡನೆ ಅವನ ಧರ್ಮಗ್ರಂಥಗಳೂ ಹೋದವು. ಮುಂದೆ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕು ಒಂದು ನಾವೆ ಒಡೆದು, ಅದರಲ್ಲಿದ್ದವರು ಸೆರೆಯಾದರು. ಶಿರ್ವಾನ್ ಶಹನ ಮೊರೆಹೊಕ್ಕ ಮೇಲೆ ಸೆರೆಯೇನೋ ಬಿಟ್ಟಿತು, ಊರಿಗೆ ಹೋಗಲು ದಾರಿಖರ್ಚು ಹುಟ್ಟಲಿಲ್ಲ. ಊರಿನಲ್ಲಿ ಆಸ್ತಿಯಿದ್ದವರು ಹಿಂದಿರುಗಿದರು. ಸಾಲದ ಹೊರೆಯಿದ್ದವರು ಕಣ್ಣು ಹೋದ ಕಡೆಗೆ ನಡೆದರು. ಅಫನಾಸಿಯು ಎರಡನೆಯ ಗುಂಪಿನವನು. ಬರಿಗೈಯಲ್ಲಿ ಮನೆಬಾಗಿಲಿಗೆ ಹೋಗಲಾರದ ಮನುಷ್ಯನ ಸಂಕಟ ಯಾವ ದೇಶದಲ್ಲಿಯೂ ಒಂದೇ.

ದೆರ್ಬೆಂತ್, ಬಾಕುಗಳನ್ನು ದಾಟಿ, ಪಾರಸದ ಊರೂರುಗಳಲ್ಲಿ ತಿಂಗಳುಗಟ್ಟಲೆ ನಿಂತು, ಕಾಶಾನ್, ಯಜ್ದ್, ಲಾರ್ ಮಾರ್ಗವಾಗಿ ಅವನು ಹೋರ್ಮುಜ್ ತಲುಪಿದನು. ಅಲ್ಲಿಯ ಬಿಸಿಲು ಮನುಷ್ಯನನ್ನು ಸುಡುವಂತಹದೆಂದೂ, ಸರಕಿನ ಹತ್ತನೆಯ ಒಂದು ಭಾಗ ಸುಂಕಕ್ಕೆ ಹೋಗುತ್ತದೆಂದೂ ಬರೆದುಕೊಂಡಿದ್ದಾನೆ. ಇದ್ದಬದ್ದುದನ್ನೆಲ್ಲ ಒಂದು ಗಂಡು ಕುದುರೆಗೆ ತೊಡಗಿಸಿದನು. ಅದನ್ನು ಭರತಖಂಡಕ್ಕೆ ತರುವಷ್ಟರಲ್ಲಿ ನೂರು ರೂಬಲ್ಲು ತಗುಲಿತು. ಈಸ್ಟರ್ ಹಬ್ಬ ಕಳೆದ ವಾರದಲ್ಲಿ ತಾವಾ ಎಂಬ ಜಾತಿಯ ಹಡಗನ್ನೇರಿ ಮಸ್ಕತ್, ದೀವ್, ಖಂಬಾತಗಳನ್ನು ಮುಟ್ಟಿ, ಆರು ವಾರಗಳ ಪಯಣದ ಅನಂತರ ಚೌಲಕ್ಕೆ ಬಂದಿಳಿದನು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ 1498ಕ್ಕೆ ಇನ್ನೂ ಕಾಲು ಶತಮಾನಕ್ಕೂ ಮಿಕ್ಕಿದ ಕಾಲವಿತ್ತು.

ಚೌಲದಿಂದ ಜುನ್ನರಕ್ಕೆ ಬಂದಾಗ ಮಳೆಗಾಲ. ಎಲ್ಲೆಡೆಯೂ ನೀರು, ಕೆಸರು. ಅಲ್ಲಿಯ ಅಧಿಕಾರಿ ಅಸದ್ ಖಾನನು ಈ ಪರದೇಶಿಯು ಮುಸಲ್ಮಾನನಲ್ಲವೆಂದು ತಿಳಿದು ಕುದುರೆಯನ್ನು ಕಿತ್ತುಕೊಂಡನು. ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಹೊನ್ನು. ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ಸಾವಿರ ಹೊನ್ನು ದಂಡ. ಅವಧಿ ನಾಲ್ಕು ದಿನ. ಅಫನಾಸಿಯ ಬದುಕೆಲ್ಲ ಆ ಒಂದು ಪ್ರಾಣಿಯ ಬೆನ್ನಿನ ಮೇಲಿತ್ತೆಂಬುದನ್ನು ನೆನೆದರೆ ಪರೀಕ್ಷೆಯ ಕಠೋರತೆ ತಿಳಿದೀತು. ಅವನು ಮಣಿಯಲಿಲ್ಲ. ಅವಧಿ ಮುಗಿಯುವ ಮೊದಲು ಖುರಾಸಾನಿನ ಖ್ವಾಜಾ ಮಹಮೂದ್ ಎಂಬವನು ಅಲ್ಲಿಗೆ ಬಂದನು. ಅಫನಾಸಿ ಅವನಲ್ಲಿ ಮೊರೆಯಿಟ್ಟನು. ಆ ಸತ್ಪುರುಷನು ಖಾನನ ಬಳಿಗೆ ಹೋಗಿ ಬೇಡಿಕೊಂಡು ಮತವನ್ನೂ ಕುದುರೆಯನ್ನೂ ಉಳಿಸಿಕೊಟ್ಟನು. ಪೀಡಿಸಿದವನೂ ಕಾಯ್ದವನೂ ಒಂದೇ ಮತದವರೆಂಬುದನ್ನು ಓದುಗರು ಗಮನಿಸಬೇಕು.

ಬೀದರದಲ್ಲಿ ಆಗ ಸುಲ್ತಾನ ಮೂರನೆಯ ಮಹಮ್ಮದನ ಆಳಿಕೆ. ನಿಜವಾದ ಕಾರುಬಾರು ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕರ ಒಡೆಯ, ಎಂಬ ಬಿರುದಿನ ಮಹಮೂದ್ ಗವಾನನದು. ಆತನು ತಾನೂ ಒಂದು ಕಾಲಕ್ಕೆ ದಾಭೋಳದಲ್ಲಿ ಹಡಗಿಳಿದು ಬಂದ ವರ್ತಕನೇ. ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ಬಂದುಹೋಗುವವರ ಹೆಸರು ಬರೆಯಲು ನೂರು ಮಂದಿ ಬರಹಗಾರರು ಎಂದು ಅಫನಾಸಿ ಲೆಕ್ಕವಿಟ್ಟಿದ್ದಾನೆ. ಅಮೀರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಹೊರಡುವುದನ್ನು ಕಂಡ ಅದೇ ಕಣ್ಣು ಹಳ್ಳಿಯ ಜನ ಬರಿಮೈಯಲ್ಲಿ, ಕಡುಬಡತನದಲ್ಲಿರುವುದನ್ನೂ ಕಂಡಿತು. ಆಸ್ಥಾನದ ಇತಿಹಾಸಕಾರರು ಬರೆಯದೆ ಬಿಟ್ಟ ಈ ಮಾತಿಗಾಗಿಯಾದರೂ ಅವನ ಬರಹಕ್ಕೆ ನಾವು ಋಣಿಗಳು. ಕುದುರೆಗಳಿಗೆ ಇಲ್ಲಿ ಕಡಲೆ ತಿನ್ನಿಸಿ, ಸಕ್ಕರೆ ಎಣ್ಣೆ ಕೂಡಿಸಿ ಕಿಚಡಿ ಬೇಯಿಸಿ ಹಾಕುತ್ತಾರೆಂಬುದೂ ಅವನ ಕಣ್ಣು ತಪ್ಪಲಿಲ್ಲ. ತನ್ನ ಕುದುರೆಯನ್ನು ಸುಮಾರು ಒಂದು ವರ್ಷ ಸಾಕಿ ಬೀದರದಲ್ಲಿ ಮಾರಿದನು. ಸಾಕಿದ ಖರ್ಚನ್ನು ಲೆಕ್ಕ ಹಾಕಿದ ಮೇಲೆ ಲಾಭವೆನ್ನುವಂತಹದೇನೂ ಉಳಿದಂತೆ ತೋರುವುದಿಲ್ಲ. ಮೆಣಸು, ಬಣ್ಣ ಇಲ್ಲಿ ಅಗ್ಗ, ಆದರೆ ಸುಂಕ ಬಹಳ, ಕಡಲುಗಳ್ಳರು ಬಹಳ, ತನ್ನ ನಾಡಿಗೆ ಒದಗುವ ಸರಕಿಲ್ಲ ಎಂದು ಕಹಿಯಾಗಿಯೇ ಬರೆದುಕೊಂಡನು.

ಅವನು ಖುರಾಸಾನಿ ಖ್ವಾಜಾ ಯೂಸುಫ್ ಎಂಬ ಹೆಸರಿನಲ್ಲಿ ಸಂಚರಿಸುತ್ತಿದ್ದನು. ಬೀದರದ ಹಿಂದೂಗಳ ಪರಿಚಯ ಬೆಳೆದ ಮೇಲೆ, ತಾನು ಮುಸಲ್ಮಾನನಲ್ಲ, ಅಫನಾಸಿ ಎಂಬ ಕ್ರೈಸ್ತನೆಂದು ಅವರಿಗೆ ತಿಳಿಸಿದನು. ಅಂದಿನಿಂದ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮರೆಮಾಡಲಿಲ್ಲ. ಮನೆಯ ಹೆಂಗಸರೂ ಮರೆಗೆ ಸರಿಯಲಿಲ್ಲ. ಒಂದು ಪಂಗಡದವರು ಇನ್ನೊಂದು ಪಂಗಡದವರೊಡನೆ ಉಣ್ಣುವುದಿಲ್ಲ, ಕೊಟ್ಟುತರುವುದಿಲ್ಲ ಎಂಬುದನ್ನು ಅವನು ಕಂಡು ಬರೆದನು. ಶರಣರು ಕಲ್ಯಾಣದಲ್ಲಿ ಈ ಭೇದವನ್ನಳಿಸಲು ಹೊರಟು ಮೂರು ಶತಮಾನ ಕಳೆದಿದ್ದ ಕಾಲವದು. ಓದುವಾಗ ಮನಸ್ಸು ಭಾರವಾಗುತ್ತದೆ.

ಆ ಗೆಳೆಯರ ಜೊತೆಯಲ್ಲಿಯೇ ಒಂದು ತಿಂಗಳು ನಡೆದು ಶಿವರಾತ್ರಿಗೆ ಶ್ರೀಶೈಲಕ್ಕೆ ಹೋದನು. ಅವನು ಅದನ್ನು ಪರ್ವತವೆಂದೇ ಕರೆಯುತ್ತಾನೆ. ನಮ್ಮ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು. ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯೂ ಸೇರಿದ ತಾಣವೆಂದು ಪರಂಪರೆ ಹೇಳುವ ಆ ಕ್ಷೇತ್ರವು, ಕ್ರೈಸ್ತರಿಗೆ ಜೆರೂಸಲೇಮ್ ಹೇಗೋ, ಮುಸಲ್ಮಾನರಿಗೆ ಮೆಕ್ಕಾ ಹೇಗೋ, ಇವರಿಗೆ ಹಾಗೆ ಎಂದು ತನ್ನವರಿಗೆ ತಿಳಿಯುವಂತೆ ಹೋಲಿಸಿದನು. ಗುಡಿಯು ತ್ವೇರ್ ಪಟ್ಟಣದ ಅರ್ಧದಷ್ಟಿದೆಯೆಂದನು. ಪ್ರಾಕಾರದ ಕಲ್ಲಿನಲ್ಲಿ ಸುತ್ತಲೂ ಕೆತ್ತಿದ ದೇವರ ಚರಿತ್ರೆಯನ್ನು ಕಂಡನು. ಕರಿಕಲ್ಲಿನ ನಂದಿಗೆ ಚಿನ್ನದ ಲೇಪವಿದ್ದುದನ್ನೂ, ಭಕ್ತರು ಅದರ ಗೊರಸಿಗೆ ಮುತ್ತಿಟ್ಟು ಹೂ ಎರಚುತ್ತಿದ್ದುದನ್ನೂ, ಮುಡಿ ಕೊಡುತ್ತಿದ್ದುದನ್ನೂ ಬರೆದನು. ಇಂದಿಗೂ ಶ್ರೀಶೈಲಕ್ಕೆ ಹೋದವರು ಆ ಪ್ರಾಕಾರದ ಶಿಲ್ಪಪಂಕ್ತಿಯನ್ನು ನೋಡಬಹುದು.

ನಮ್ಮ ಜಿಲ್ಲೆಯವರಿಗೆ ಅತಿ ಪ್ರಿಯವಾದ ಭಾಗ ಆಳಂದದ್ದು. ಅಲ್ಲಿಯ ದರ್ಗಾದಲ್ಲಿ ಮಲಗಿರುವ ಶೇಖ್ ಅಲಾವುದ್ದೀನ್ ಅನ್ಸಾರಿಯವರನ್ನು ನಾವು ಲಾಡ್ಲೆ ಮಶಾಯಕ್ ಎಂದು ಬಲ್ಲೆವು. ಅವರ ಸ್ಮರಣೆಯಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಕೂಡುತ್ತಿದ್ದ ಪೇಟೆಗೆ ದೇಶದ ದೇಶವೇ ನೆರೆಯುತ್ತಿತ್ತೆಂದೂ, 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದೂ ಅಫನಾಸಿ ಹೇಳುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಲಿ. ಹೊಲಿದ ಹಡಗಿನಲ್ಲಿ ಕಡಲು ದಾಟಿ, ಘಟ್ಟ ಹತ್ತಿ ಬಂದ ಕುದುರೆಗಳ ಕೊನೆಯ ನಿಲುದಾಣಗಳಲ್ಲಿ ನಮ್ಮ ಆಳಂದವೂ ಒಂದಾಗಿತ್ತು ಎಂಬುದು ಸಣ್ಣ ಮಾತಲ್ಲ. ಅಲ್ಲಿ ರಾತ್ರಿ ಹಾರುವ ಗುಕುಕ್ ಎಂಬ ಹಕ್ಕಿ ಯಾವ ಮನೆಯ ಮೇಲೆ ಕುಳಿತರೆ ಆ ಮನೆಯಲ್ಲಿ ಸಾವು ಸಂಭವಿಸುತ್ತದೆಂಬ ನಂಬಿಕೆಯನ್ನೂ ಬರೆದಿದ್ದಾನೆ. ನಮ್ಮ ಗೂಗೆಯೇ ಅದು. ಹಳ್ಳಿಗಳಲ್ಲಿ ಆ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಇಷ್ಟೆಲ್ಲ ಕಂಡರೂ ಒಳಗೊಂದು ಕೊರಗು ಅವನನ್ನು ತಿನ್ನುತ್ತಿತ್ತು. ಪುಸ್ತಕಗಳು ಹೋದುದರಿಂದ ಉಪವಾಸ ಯಾವಾಗ, ಈಸ್ಟರ್ ಯಾವಾಗ ಎಂಬ ಎಣಿಕೆಯೇ ತಪ್ಪಿತು. ಬೀದರದಲ್ಲಿ ರಾತ್ರಿಯ ಆಕಾಶವನ್ನು ನೋಡುತ್ತ, ಕೃತ್ತಿಕೆಯೂ ಮಹಾವ್ಯಾಧವೂ ಬೆಳಗಿನಲ್ಲಿ ಕರಗುವುದನ್ನೂ ಸಪ್ತರ್ಷಿಮಂಡಲವು ಮೂಡಣಕ್ಕೆ ತಲೆಮಾಡಿ ನಿಂತುದನ್ನೂ ಗುರುತು ಹಾಕಿ, ಊಹೆಯಿಂದ ಹಬ್ಬ ಆಚರಿಸಿದನು. ಮುಸಲ್ಮಾನರೊಡನೆ ಅವರ ಉಪವಾಸವನ್ನೂ ಹಿಡಿದನು. ಅವನ ಪ್ರಾರ್ಥನೆಗಳಲ್ಲಿ ರುಷ್ಯನ್ನಿನ ಜೊತೆಗೆ ತುರ್ಕಿ, ಪಾರಸಿ, ಅರಬ್ಬಿ ಬೆರೆತವು. ಇದನ್ನು ಮುಂದಿಟ್ಟುಕೊಂಡು ಅವನು ಮತ ಬಿಟ್ಟನೇ ಎಂದು ಪಂಡಿತರು ವಾದಿಸಿದ್ದಾರೆ. ಜುನ್ನರದಲ್ಲಿ ಸಾವಿರ ಹೊನ್ನಿಗೆ ಮಣಿಯದವನ ವಿಷಯದಲ್ಲಿ ಈ ಸಂಶಯ ನನಗಂತೂ ಒಪ್ಪಿಗೆಯಿಲ್ಲ.

ಕಡೆಗೆ ಊರಿನ ಸೆಳೆತ ಗೆದ್ದಿತು. ಅಕೀಕು ಕಲ್ಲಿಗೆ ಹೆಸರಾದ ಕುಲೂರಿನಲ್ಲಿ ಐದು ತಿಂಗಳಿದ್ದು, ಕಲಬುರಗಿಯ ಮೇಲೆ ಆಳಂದಕ್ಕೆ ಬಂದು, ಅಲ್ಲಿಂದ ದಾಭೋಳಕ್ಕೆ ಇಳಿದು, ಎರಡು ಹೊನ್ನು ತೆತ್ತು ಹಡಗು ಹಿಡಿದನು. ಒಂದು ತಿಂಗಳು ನೀರಲ್ಲದೆ ಬೇರೇನೂ ಕಾಣಲಿಲ್ಲ. ಮರುತಿಂಗಳು ಕಂಡ ನೆಲ ಹಬಸಿಯರ ದೇಶದ ಬೆಟ್ಟಗಳು! ಅಲ್ಲಿಯ ಜನ ಹಡಗನ್ನು ಸೂರೆಮಾಡದಂತೆ ಅಕ್ಕಿ, ಮೆಣಸು, ರೊಟ್ಟಿ ಹಂಚಿ ಪಾರಾದರು. ಹನ್ನೆರಡು ದಿನಕ್ಕೆ ಮಸ್ಕತ್, ಅಲ್ಲಿಂದ ಒಂಬತ್ತು ದಿನಕ್ಕೆ ಹೋರ್ಮುಜ್. ತಬ್ರೀಜ್ ದಾಟಿ ತ್ರೆಬಿಜಾಂಡಿಗೆ ಬಂದಾಗ, ಉಜುನ್ ಹಸನನ ಪಾಳೆಯದಿಂದ ಬಂದವನೆಂಬ ಸಂಶಯದಿಂದ ಅಲ್ಲಿಯ ಅಧಿಕಾರಿಗಳು ಪತ್ರಗಳಿಗಾಗಿ ಹುಡುಕಾಡಿ ಉಳಿದ ಚೂರುಪಾರನ್ನೂ ಕಸಿದರು. ಕಪ್ಪು ಸಮುದ್ರವನ್ನು ದಾಟಿ ಕಾಫಾ ಸೇರಿದನು. ತ್ವೇರನ್ನು ಮಾತ್ರ ಕಾಣಲಿಲ್ಲ. ಸ್ಮೊಲೆನ್ಸ್ಕ್ ಊರನ್ನು ತಲುಪುವ ಮೊದಲೇ ದಾರಿಯಲ್ಲಿ ತೀರಿಕೊಂಡನು.

ಅವನ ಕೈಬರಹದ ಹಾಳೆಗಳನ್ನು ವರ್ತಕರು ಮಾಸ್ಕೋಗೆ ಒಯ್ದು ಮಹಾಪ್ರಭುವಿನ ಬರಹಗಾರ ವಸೀಲಿ ಮಮಿರೇವನ ಕೈಗೆ ಕೊಟ್ಟರು. ಅವು 1475ನೆಯ ವರ್ಷದ ವೃತ್ತಾಂತದಡಿಯಲ್ಲಿ ರಾಜ್ಯದ ಇತಿಹಾಸಪತ್ರಿಕೆಯಲ್ಲಿ ಸೇರಿದವು. ಆಮೇಲೆ ಮೂರು ಶತಮಾನಗಳಿಗೂ ಮಿಕ್ಕಿ ಲೋಕ ಅವನನ್ನು ಮರೆತಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇತಿಹಾಸಕಾರ ಕರಮ್ಜಿನ್‌ನಿಗೆ ಒಂದು ಮಠದ ಗ್ರಂಥಭಂಡಾರದಲ್ಲಿ ಆ ಪ್ರತಿ ದೊರೆಯಿತು. ಮೂರು ಸಮುದ್ರಗಳಾಚೆಯ ಪಯಣ ಎಂಬ ಹೆಸರಿನಿಂದ ಅದು ಇಂದು ಹಲವು ಭಾಷೆಗಳಲ್ಲಿದೆ. 1955ರಲ್ಲಿ ತ್ವೇರ್ ಪಟ್ಟಣದವರು ವೋಲ್ಗಾ ದಡದಲ್ಲಿ ಅವನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಅವನು ನಿಂತಿರುವುದು ಒಂದು ನಾವೆಯ ಬಳಿ. ಆ ನಾವೆಯ ಮೂತಿಗೆ ಕುದುರೆಯ ತಲೆಯಿದೆ.